ನೀರೊಲೆಯ ಬೂದಿ

ಬೇವಿನ ಮರದ ಕೆಳಗೆ ನಿಂತ ಕಮಾನುಗಾಡಿಯಿಂದ ಚಂದ್ರಯ್ಯ ಇಳಿಯುತ್ತಿರುವುದು ಕಂಡಾಗ ನೀಲಾಂಬಿಕೆ ಆಸ್ಪತ್ರೆಯ ಜಗುಲಿಯ ಮೇಲೆ ಕೂತು, ಒಗೆದು ಒಣಗಿಸಿದ ಬ್ಯಾಂಡೇಜು ಬಟ್ಟೆಗಳನ್ನು ಸುತ್ತುತ್ತಿದ್ದಳು. ಯಾರೆಂದು ಗುರುತು ಹತ್ತುವುದಕ್ಕೂ ಮೊದಲೇ ಕೈ ನಿಂತಿತು. ಇಪ್ಪತ್ತಾರು ದಿನದ ಹಿಂದೆ ಇದೇ ಗಾಡಿಯಲ್ಲಿ ಆತ ತನ್ನ ಹೆಂಡತಿಯ ಹೆಣವನ್ನು ಹಳ್ಳಿಮೈಸೂರಿಗೆ ಒಯ್ದಿದ್ದ. ಸತ್ತವರ ಮನೆಯವರು ಅರಕಲಗೂಡಿನ ಈ ಹೆಂಗಸರ ಮಿಶನ್ ಆಸ್ಪತ್ರೆಯ ಕಡೆ ತಿರುಗಿ ಬರುವುದಿಲ್ಲ. ಬಂದರೆ ಮರೆತುಹೋದ ತಂಬಿಗೆಗೋ ಜಮಖಾನಕ್ಕೋ ಬರಬೇಕು. ಶಿವಗಂಗಮ್ಮನದು ಏನೂ ಉಳಿದಿರಲಿಲ್ಲ. ಅದು ನೀಲಾಂಬಿಕೆಗೆ ಚೆನ್ನಾಗಿ ಗೊತ್ತು. ರೋಗಿಗಳ ಗಂಟುಮೂಟೆ ಇಡುವ ಬೀರುವಿನ ಬೀಗದ ಕೈ ಅವಳ ಸೊಂಟದಲ್ಲೇ ಇರುತ್ತಿತ್ತು. ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳೋಣವೇ ಎನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಯಿತು. ಆದರೆ ಆ ನಾಚಿಕೆಯ ಬೆನ್ನಿಗೇ, ಇಷ್ಟಾದರೂ ನಾಚಿಕೆಪಡುವ ಮನಸ್ಸು ತನಗೆ ಉಳಿದಿದೆಯಲ್ಲ ಎಂಬ ಸಣ್ಣ ಸಮಾಧಾನ ತಲೆಯೆತ್ತಿತು. ಅದನ್ನು ಕಂಡು ಅವಳಿಗೆ ತನ್ನ ಮೇಲೇ ಹೇಸಿಕೆಯಾಯಿತು. ಈಚೆಗೆ ಮನಸ್ಸು ಹೀಗೇ. ಯಾವ ಪಶ್ಚಾತ್ತಾಪವನ್ನೂ ಅದು ಪೂರ್ತಿಯಾಗಿ ಪಡುತ್ತಿರಲಿಲ್ಲ, ಪಡುತ್ತಲೇ ಅದನ್ನು ಮುಂದಿನ ಭಾನುವಾರದ ಪ್ರಾರ್ಥನೆಗೆ ಒಳ್ಳೆಯ ಮಾತಾಗಿ ಜೋಡಿಸಿಕೊಳ್ಳುತ್ತಿತ್ತು.

ಚಂದ್ರಯ್ಯ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟ. ಐವತ್ತರ ಆಸುಪಾಸಿನ, ಎಲುಬು ಗಟ್ಟಿಯಾದ ಆಸಾಮಿ; ಇಷ್ಟು ದಿನದಲ್ಲಿ ಕುತ್ತಿಗೆ ಮಾತ್ರ ಸಣ್ಣದಾಗಿಹೋಗಿತ್ತು. ಕಂಕುಳಲ್ಲಿ ಒಂದು ಬಟ್ಟೆಯ ಗಂಟು. ಕುರ್ಚಿ ತೋರಿಸಿದರೆ ಬೇಡವೆಂದು ಮೆಟ್ಟಿಲ ಮೇಲೆಯೇ ಕೂತ.

"ನೆಪ್ಪೈತಾ ತಾಯಿ? ಅಳ್ಳಿಮೈಸೂರ ಚಂದ್ರಯ್ಯ."

"ಐತೆ. ಮಕ್ಕಳು ಹೆಂಗವ್ರೆ?"

"ಅವ್ರೆ. ಉಣ್ತವೆ, ಅಳ್ತವೆ. ಶಿವಗಣಾರಾಧ್ನೆ ಎಲ್ಲ ಮುಗೀತು. ಬರಬೇಕು ಬರಬೇಕು ಅಂತಿದ್ದೆ, ಒಲದ ಕೆಲ್ಸ, ಬರಾಕಾಗ್ನಿಲ್ಲ." ಅವನು ತನ್ನ ಕಾಲ ಬೆರಳುಗಳನ್ನು ನೋಡಿಕೊಂಡ. "ನೀವು ಮಾಡಿದ್ನ ನಾನು ಸಾಯಗಂಟ ಮರೆಯಾಕಿಲ್ಲ ತಾಯಿ. ಅದ್ನ ಏಳಾನಾ ಅಂತ್ಲೇ ಬಂದೆ."

"ನಾನೇನು ಮಾಡ್ದೆ?"

"ಅವಳ ಅಣೇಲಿ ಈಬತ್ತಿ ಇತ್ತಲ್ಲ. ಮನೇಲಿ ಇಳ್ಸಿ ಮಕದ ಮ್ಯಾಲಿನ ಬಟ್ಟೆ ಸರ್ಸುದ್ರೆ, ಮೂರು ಎಳೆ, ಅಚ್ಚುಕಟ್ಟಾಗಿ. ಕಿಲಸ್ತಾನ್ರ ಆಸ್ಪತ್ರೇಲಿ ಬಿಟ್ಟು ಬಂದೆ, ಶಿವ ಅನ್ನೋರು ಒಬ್ರಿಲ್ದಂಗೆ ಓಗ್ಬುಟ್ಲಲ್ಲ ಅಂತ ದಾರಿ ಉದ್ದಕ್ಕೂ ನನ್ನ ನಾನೇ ಬಯ್ಕಂಡು ಬಂದಿದ್ದೆ. ಅದ್ನ ನೋಡಿದ್ ಮ್ಯಾಕೆ ಓದ ಜೀವ ಬಂದಂಗಾಯ್ತು."

ನೀಲಾಂಬಿಕೆ ಬ್ಯಾಂಡೇಜಿನ ಸುರುಳಿಯನ್ನು ಬಿಚ್ಚಿ ಮತ್ತೆ ಮೊದಲಿಂದ ಸುತ್ತತೊಡಗಿದಳು. ಆ ಮಧ್ಯಾಹ್ನ ಅವಳಿಗೆ ಯಾವಾಗಲೂ ಬೀರುವಿನ ಬಾಗಿಲಿನಿಂದಲೇ ನೆನಪಾಗುತ್ತಿತ್ತು. ಹೊಟ್ಟೆಯ ಗಡ್ಡೆಗೆ ಆಪರೇಷನ್ನು ಆಗಿ ಮೂರನೆಯ ದಿನ. ಜೊತೆಗಿದ್ದ ನಾದಿನಿ ಆಸ್ಪತ್ರೆಯ ನೀರು ಮುಟ್ಟುವವಳಲ್ಲ, ಅಡುಗೆ ಮಾಡಿಕೊಳ್ಳಲು ಛತ್ರಕ್ಕೆ ಹೋಗಿದ್ದಳು. ಶಿವಗಂಗಮ್ಮನ ಉಸಿರು ಮೇಲುಮೇಲಕ್ಕೆ ಹೋಗುತ್ತಿತ್ತು. ಕೊರಳ ಲಿಂಗದ ಕರಡಿಗೆ ಅದರ ಜೊತೆಗೆ ಏರಿ ಇಳಿಯುತ್ತಿತ್ತು. 'ಈಬತ್ತಿ' ಎಂದಳು ಆಕೆ. ಬೀರುವಿನ ಕಡೆ ಕೈ ಮಾಡಿದಳು. ಗಂಟಿನೊಳಗೆ ಕೆಂಪು ಚೌಕದಲ್ಲಿ ಸುತ್ತಿದ ವಿಭೂತಿಗಟ್ಟಿ ಇರುವುದು ನೀಲಾಂಬಿಕೆಗೆ ಗೊತ್ತಿತ್ತು. ಅವಳ ತಾಯಿಯೂ ಅಂಥದೇ ಚೌಕದಲ್ಲಿ ಸುತ್ತಿಡುತ್ತಿದ್ದಳು. ಅದನ್ನು ಕೊಡಬೇಡಿ ಎಂದು ಆಸ್ಪತ್ರೆಯಲ್ಲಿ ಯಾರೂ ಹೇಳಿರಲಿಲ್ಲ. ಸೀಮೆಯಿಂದ ಬಂದ ಡಾಕ್ಟರಮ್ಮನಾಗಿದ್ದರೆ ಕೊಟ್ಟೇಬಿಡುತ್ತಿದ್ದರೋ ಏನೋ. ಹುಟ್ಟಿನಿಂದ ಕ್ರೈಸ್ತರಾದವರಿಗೆ ಅಂಥ ಧೈರ್ಯವಿರುತ್ತದೆ. ನೀಲಾಂಬಿಕೆಗೆ ಬೂದಿಯ ವಾಸನೆಯೇ ಭಯ. ಹನ್ನೊಂದು ವರ್ಷದ ಹಿಂದೆ ಅವಳು ದೀಕ್ಷಾಸ್ನಾನ ತೆಗೆದುಕೊಂಡ ದಿನ ಅಪ್ಪ ಚನ್ನರಾಯಪಟ್ಟಣದಲ್ಲಿ ಮಗಳು ಸತ್ತಳೆಂದು ಸ್ನಾನ ಮಾಡಿದನಂತೆ. ಅಷ್ಟನ್ನು ಕೊಟ್ಟು ಕೊಂಡದ್ದು ಒಂದು ಚೂರು ಬೂದಿಗೆ ಸಡಿಲವಾಗಬಾರದು. ಅವಳು ಮಂಚದ ಪಕ್ಕ ಕೂತು, 'ಅದ್ಯಾಕವ್ವ ಈಗ, ಅದಕ್ಕಿಂತ ದೊಡ್ಡ ಹೆಸರು ಹೇಳ್ತೀನಿ ಕೇಳಿ' ಎಂದು ಕಪ್ಪು ರಟ್ಟಿನ ಸತ್ಯವೇದ ತೆರೆದು ಓದಿದಳು. ಓದಿ, 'ನಂಬ್ತೀರಾ?' ಎಂದಳು. ಶಿವಗಂಗಮ್ಮ ತಲೆ ಅಲ್ಲಾಡಿಸಿದಳು. ಹೌದೆಂದೋ, ಬೇಡವೆಂದೋ, ಬೀರುವನ್ನು ಮತ್ತೊಮ್ಮೆ ನೋಡುವುದಕ್ಕೋ. ನೀಲಾಂಬಿಕೆ ಅದನ್ನು ಹೌದೆಂದು ತೆಗೆದುಕೊಂಡಳು. ಆ ತಿಂಗಳ ವರದಿಯಲ್ಲಿ ಬರೆದಳು: ಮೇಲುಜಾತಿಯ ಒಬ್ಬ ಸ್ತ್ರೀ ಅಂತ್ಯಕಾಲದಲ್ಲಿ ಕರ್ತನ ನಾಮವನ್ನು ಕೇಳಿ ಶಾಂತಳಾಗಿ ತಲೆಬಾಗಿದಳು. ಡಾಕ್ಟರಮ್ಮ ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ಕಣ್ಣೊರೆಸಿಕೊಂಡಿದ್ದರು.

"ಇನ್ನೊಂದು ಮಾತು," ಎಂದು ಚಂದ್ರಯ್ಯ ದನಿ ತಗ್ಗಿಸಿದ. ಜಗುಲಿಯಲ್ಲಿ ಬೇರೆ ಯಾರೂ ಇರಲಿಲ್ಲ. "ನೀವು ವಾಪಸ್ ಕೊಟ್ಟ ಗಂಟ್ನಾಗೆ ಅವಳ ಈಬತ್ತಿ ಗಟ್ಟಿ ಅಂಗಂಗೇ ಇತ್ತು. ಬೆಳ್ಳು ಉಜ್ಜಿದ ಗುರ್ತೇ ಇಲ್ಲ. ಆಗ ಗೊತ್ತಾಯ್ತು ನಂಗೆ. ನಿಮ್ಮ ಸ್ವಂತದ್ದು ತಂದು ಇಕ್ಕಿದ್ದೀರ. ಚನ್ನರಾಯಪಟ್ಣದ ಕಾಯಿ ಮಂಡಿ ರುದ್ರಯ್ಯನೋರ ಮಗಳಂತೆ ನೀವು, ನನ್ ತಂಗಿ ಏಳುದ್ಲು. ಮತ ಬಿಟ್ರೂ ಮನೇಲಿ ಮಡಗವ್ರೆ, ಮನ್ಸು ಬಿಟ್ಟಿಲ್ಲ ಅಂದ್ಕಂಡೆ. ನಾನು ಯಾರ್ಗೂ ಏಳಾಕಿಲ್ಲ ಬುಡಿ. ನಿಮ್ಮ ಕೆಲ್ಸಕ್ಕೆ ಕುತ್ತು ಬರಬಾರ್ದು."

ಹೇಳಿ ಅವನು ಗಂಟು ಬಿಚ್ಚಿದ. ಒಂದು ಸೀರೆ; ಹಸಿರು ಒಡಲು, ಕೆಂಪು ಅಂಚು, ಮಡಿಕೆ ಒಡೆಯದ್ದು. ಹೊಳೆನರಸೀಪುರದ ಸಂತೆಯಲ್ಲಿ ಶಿವಗಂಗಮ್ಮ ತಾನೇ ಆರಿಸಿ ತಂದು, ಮಗಳ ಬಾಣಂತನಕ್ಕೆ ಉಡುತ್ತೇನೆಂದು ಇಟ್ಟುಕೊಂಡದ್ದಂತೆ. ಅದನ್ನು ಅವನು ಎರಡೂ ಕೈಯಿಂದ ನೀಲಾಂಬಿಕೆಯ ಮುಂದೆ ಚಾಚಿದ. ಅವಳು ಕೈ ಚಾಚಿದಳು. ಆ ಒಂದು ಗಳಿಗೆಯನ್ನು ಆಮೇಲೆ ಅವಳು ಎಷ್ಟು ಸಲ ತಿರುವಿ ನೋಡಿದರೂ, ಚಾಚಿದ್ದು ತನ್ನದೇ ಕೈ ಎನ್ನುವುದು ಬದಲಾಗಲಿಲ್ಲ. ಸೀರೆ ತೊಡೆಯ ಮೇಲೆ ಬಂದು ಕೂತಿತು. ತವರಿನ ಪೆಟ್ಟಿಗೆಯ ವಾಸನೆ ಅದಕ್ಕೆ. ಹನ್ನೊಂದು ವರ್ಷದಿಂದ ಯಾರೂ ಅವಳನ್ನು ರುದ್ರಯ್ಯನವರ ಮಗಳು ಎಂದಿರಲಿಲ್ಲ. ಮಿಶನ್ನಿನವರು ಬಂದವರೆದುರು 'ಒಳ್ಳೆಯ ಕುಲದಿಂದ ಬಂದ ನಮ್ಮ ನೀಲಮ್ಮ' ಎಂದು ತೋರಿಸುತ್ತಿದ್ದರು, ಅಷ್ಟೆ. ಸುಮ್ಮನಿದ್ದರೆ ಇವನ ಮಟ್ಟಿಗೆ ತಾನು ಒಳಗೊಳಗೆ ಇನ್ನೂ ಅವರವಳು. ಡಾಕ್ಟರಮ್ಮನ ಮಟ್ಟಿಗೆ ಒಂದು ಆತ್ಮವನ್ನು ಗೆದ್ದವಳು. ಎರಡು ಕಡೆಯ ಮಾನವೂ ಸುಮ್ಮನಿರುವುದರಲ್ಲೇ ಇತ್ತು. ಇವನು ಗಾಡಿ ಹತ್ತಿ ಹೋಗುತ್ತಾನೆ, ಇನ್ನು ಬರುವುದಿಲ್ಲ.

ಆಗ ಆಸ್ಪತ್ರೆಯ ಹಿಂದಿನಿಂದ ಬಟ್ಟೆ ಸೆಣೆಯುವ ಸದ್ದು ಕೇಳಿಸಿತು. ಬೆಳಗಿನಿಂದಲೂ ಕೇಳಿಸುತ್ತಲೇ ಇದ್ದಿರಬೇಕು. ಕಲ್ಲಿನ ಮೇಲೆ ಒಂದೇ ಸಮನೆ ಬೀಳುವ ಒದ್ದೆ ಬಟ್ಟೆಯ ಸದ್ದು. ನಡುವೆ ಸ್ವಲ್ಪ ತಡೆದು ಮತ್ತೆ.

"ಈಬತ್ತಿ ಇಟ್ಟಿದ್ದು ನಾನಲ್ಲ," ಎಂದಳು ನೀಲಾಂಬಿಕೆ.

ಚಂದ್ರಯ್ಯ ನಕ್ಕ. "ನಾನು ಯಾರ್ಗೂ ಏಳಾಕಿಲ್ಲ ಅಂದ್ನಲ್ಲ ತಾಯಿ."

"ನಾನಲ್ಲ ಕಣ್ರೀ. ನಿಮ್ಮನೆಯವರು ನನ್ನನ್ನ ಕೇಳಿದ್ರು. ಬೀರು ಕಡೆ ಕೈ ತೋರ್ಸಿ ಕೇಳಿದ್ರು. ಬೀಗದ ಕೈ ಇಲ್ಲೇ ಇತ್ತು. ನಾನು ಕೊಡ್ಲಿಲ್ಲ."

ಅವನ ಮುಖದ ನಗು ಕೂಡಲೇ ಹೋಗಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ಅಲ್ಲೇ ನಿಂತಿತು. ಅವಳು ಉಳಿದದ್ದನ್ನು ಹೇಳಿದಳು. ತಾನು ವೇದ ಓದಿದ್ದು. ಡಾಕ್ಟರಮ್ಮನನ್ನು ಕರೆಯಲು ಹೋಗಿ ಬರುವಷ್ಟರಲ್ಲಿ ವಾರ್ಡು ಗುಡಿಸುವ ದೊಡ್ಡತಾಯಮ್ಮ ಹಣೆಗೆ ಇಟ್ಟಿದ್ದದ್ದು. ಅದು ವಿಭೂತಿಯೂ ಅಲ್ಲ, ಬೀರುವಿಗೆ ಬೀಗವಿದ್ದದ್ದರಿಂದ ಹಿತ್ತಿಲ ನೀರೊಲೆಯಿಂದ ತಂದ ಬೂದಿ. ಇದಕ್ಕಾಗಿ ತಾನೇ ಡಾಕ್ಟರಮ್ಮನ ಬಳಿ ದೂರು ಹೇಳಿದ್ದು. ದೊಡ್ಡತಾಯಮ್ಮನನ್ನು ವಾರ್ಡಿನಿಂದ ತೆಗೆದು ಬಟ್ಟೆ ಒಗೆಯಲು ಹಾಕಿದ್ದು. ಮೂರು ತಿಂಗಳು ದೇವಾಲಯದಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ಅವಳನ್ನು ಸೇರಿಸಬಾರದೆಂದು ತೀರ್ಮಾನವಾದದ್ದು. ಹೇಳುತ್ತ ಹೇಳುತ್ತ ದನಿ ಒಂದು ಲಯಕ್ಕೆ ಬರುತ್ತಿರುವುದು ಅವಳಿಗೇ ಕೇಳಿಸಿತು. ಸಾಕ್ಷಿ ಹೇಳುವಾಗಿನ ದನಿ. ಎಲ್ಲವನ್ನೂ ಹೇಳಿಬಿಟ್ಟೆ ಎಂಬ ಹಗುರ ಬರುವ ಹೊತ್ತಿಗೆ ಸರಿಯಾಗಿ, ಹೇಳದೆ ಉಳಿದದ್ದೊಂದು ನೆನಪಿಗೆ ಬಂತು: ಆ ಬೂದಿಯನ್ನು ಕಂಡ ಕೂಡಲೇ ಡಾಕ್ಟರಮ್ಮ ಬರುವ ಮೊದಲೇ ತಾನು ನೀರಿನ ಬೋಗುಣಿಯಲ್ಲಿ ಬಟ್ಟೆ ಅದ್ದಿ ಒರೆಸಲು ಕೈ ಎತ್ತಿದ್ದು. ಉಸಿರು ಇನ್ನೂ ಆಡುತ್ತಿತ್ತು. ಒರೆಸಲಿಲ್ಲ, ಮನಸ್ಸು ತಡೆದು ಅಲ್ಲ, ಛತ್ರದಿಂದ ನಾದಿನಿ ಬಂದು ಬಾಗಿಲಲ್ಲಿ ನಿಂತದ್ದರಿಂದ. ಅದನ್ನು ಅವಳು ಚಂದ್ರಯ್ಯನಿಗೆ ಹೇಳಲಿಲ್ಲ. ಹೇಳಲು ಆಗಲಿಲ್ಲ.

ಅವನು ಕೇಳಿದ: "ಯಾವ ಕೇರಿಯೋಳು ಆಯಮ್ಮ?"

ಈ ಪ್ರಶ್ನೆ ಬರುತ್ತದೆಂದು ಅವಳಿಗೆ ಗೊತ್ತಿತ್ತು. "ಊರ ಆಚೆಯೋಳು. ಹೊಲಗೇರಿ."

ಚಂದ್ರಯ್ಯ ಬಲಗೈಯನ್ನು ಎತ್ತಿ ತನ್ನ ಹಣೆ ಮುಟ್ಟಿಕೊಂಡ. ಅಲ್ಲಿನ ವಿಭೂತಿ ಬೆವರಿಗೆ ಅರ್ಧ ಅಳಿಸಿತ್ತು. ಎದ್ದು ಹೋಗಿಬಿಡುತ್ತಾನೆ ಎಂದುಕೊಂಡಳು. ಹೋಗಲಿ ಎಂದೂ ಅಂದುಕೊಂಡಳು. ಅವನು ಎದ್ದ. "ಎಲ್ಲವ್ಳೆ?" ಎಂದ.

ಹಿತ್ತಿಲಿಗೆ ಹೋಗುವ ದಾರಿ ನೀಲಾಂಬಿಕೆಯ ಕೋಣೆಯ ಪಕ್ಕದಲ್ಲೇ. ಬಾಗಿಲ ಒಳಗೆ ಅವಳ ತಾಮ್ರದ ಕೊಡ ಕಾಣುತ್ತಿತ್ತು. ಎರಡು ವರ್ಷದ ಹಿಂದೆ ಜ್ವರ ಬಂದು ಮಲಗಿದ್ದಾಗ ದೊಡ್ಡತಾಯಮ್ಮ ಕೇಳದೆಯೇ ಅದನ್ನು ಬೆಳಗಿ ಬಾವಿಯಿಂದ ತುಂಬಿ ತಂದಿಟ್ಟಿದ್ದಳು. 'ದೇವರು ನಿನ್ನನ್ನು ಆಶೀರ್ವದಿಸಲಿ' ಎಂದಿದ್ದಳು ನೀಲಾಂಬಿಕೆ. ಅವಳು ಅತ್ತ ಹೋದ ಮೇಲೆ ನಡುಗುವ ಕಾಲಲ್ಲಿ ಎದ್ದು ಕೊಡವನ್ನು ಕಿಟಕಿಯವರೆಗೆ ಎಳೆದು ನೀರನ್ನೆಲ್ಲ ಹೊರಗೆ ಸುರಿದಿದ್ದಳು. ಬಾಯಾರಿಕೆ ಸಂಜೆಯವರೆಗೂ ಹಾಗೇ ಇತ್ತು. ಇದು ಯಾವ ವರದಿಯಲ್ಲೂ ಇಲ್ಲ. ತಾನು ಬಿಟ್ಟುಬಂದೆನೆಂದು ಹೇಳಿಕೊಂಡ ಮನೆ ಹೀಗೆ ಇಷ್ಟೆತ್ತರದ ಕೊಡದಲ್ಲಿ ತನ್ನ ಹಿಂದೆಯೇ ಬಂದು ಕೂತಿತ್ತು; ಬೂದಿಯ ಎದುರು ಕಾವಲು ನಿಂತವಳು ಇದನ್ನು ಮಾತ್ರ ಬಾಗಿಲು ತೆರೆದು ಒಳಗೆ ಬಿಟ್ಟುಕೊಂಡಿದ್ದಳು.

ದೊಡ್ಡತಾಯಮ್ಮ ಕಲ್ಲಿನ ಬಳಿ ಸೀರೆ ಮೇಲೆತ್ತಿ ಕಟ್ಟಿ ನಿಂತಿದ್ದಳು. ಅರವತ್ತು ದಾಟಿದ ಹೆಂಗಸು; ಬೆನ್ನು ಆಗಲೇ ಬಾಗಿತ್ತು. ಬಂದವರನ್ನು ನೋಡಿ ಕೈಯ ಸೋಪಿನ ನೊರೆಯನ್ನು ಕೊಡವಿ ಹಿಂದಕ್ಕೆ ಸರಿದಳು. ಚಂದ್ರಯ್ಯ ಹತ್ತು ಮಾರು ದೂರದಲ್ಲೇ ನಿಂತ.

"ಇವ್ರು ಶಿವಗಂಗಮ್ಮನೋರ ಯಜಮಾನ್ರು," ಎಂದಳು ನೀಲಾಂಬಿಕೆ.

"ಗೊತ್ತಾಯ್ತು ಬುದ್ಧಿ."

ಅವನು ನೆಲ ನೋಡುತ್ತ ಕೇಳಿದ: "ನನ್ನ ಎಂಡ್ರು ಕಡೇಲಿ ಏನಾರ ಅಂದ್ಲಾ?"

"ಅಂದ್ರು ಬುದ್ಧಿ. ಈಬತ್ತಿ ಅಂದ್ರು, ಇಟ್ಟೆ. ಆಮ್ಯಾಕೆ, ಕರ ಕಟ್ಟಾಕವ್ರಾ ಅಂದ್ರು. ಕೌಲಿ ಕರ ಅಂತೆ, ಬುಟ್ರೆ ಎಲ್ಲಾನೂ ಕುಡ್ಕಬುಡ್ತದೆ ಅಂತ. ಕಟ್ಟಾಕವ್ರೆ ಮನಿಕಳಿ ಅವ್ವ ಅಂದೆ. ಮನಿಕಂಡ್ರು."

ಮನೆಯಲ್ಲಿ ಕಂದು ಬಣ್ಣದ ಕೌಲಿ ಕರು ಇತ್ತೆಂದು ಇವಳಿಗೆ ಬೇರೆ ಯಾರೂ ಹೇಳಿರಲು ಸಾಧ್ಯವಿರಲಿಲ್ಲ. ಚಂದ್ರಯ್ಯ ಟವಲನ್ನು ಮುಖಕ್ಕೆ ಒತ್ತಿಕೊಂಡ. ಆಮೇಲೆ ನೀಲಾಂಬಿಕೆಯ ಕಡೆ ನೋಡದೆ ಕೈ ಮಾತ್ರ ಚಾಚಿದ. ಅವಳು ತನ್ನ ಕಂಕುಳಲ್ಲಿದ್ದ ಸೀರೆಯನ್ನು ಅವನಿಗೆ ಕೊಟ್ಟಳು. ಅವನು ನಾಲ್ಕು ಹೆಜ್ಜೆ ಮುಂದೆ ಹೋದ, ಮತ್ತೆ ಎರಡು. ಅಲ್ಲಿಂದ ಮುಂದೆ ಕಾಲು ಹೋಗಲಿಲ್ಲ. ಬಾಗಿ ಸೀರೆಯನ್ನು ಒಣಗಿದ ಕಲ್ಲಿನ ಮೇಲಿಟ್ಟ. "ಉಟ್ಕೊ," ಎಂದ. ಕೈ ಮುಗಿಯಲು ಎತ್ತಿದವನು ಎದೆಯ ಮಟ್ಟಕ್ಕೆ ಬರುವಾಗ ಏನು ನೆನಪಾಯಿತೋ, ಟವಲನ್ನು ಹೆಗಲಿಗೆ ಸರಿಮಾಡಿಕೊಂಡು ತಿರುಗಿದ. ಅಷ್ಟಾದರೂ ಅವನು ಬಂದ ದೂರ ತಾನು ಬಂದದ್ದಕ್ಕಿಂತ ಹೆಚ್ಚೆಂದು ನೀಲಾಂಬಿಕೆಗೆ ಅನ್ನಿಸಿತು. ಗಾಡಿಯ ಗಾಲಿಯ ಸದ್ದು ಪೇಟೆಯ ರಸ್ತೆಗೆ ಇಳಿದು ಹೋಯಿತು.

ಧೈರ್ಯ ಆರುವ ಮುಂಚೆ ಎಂದು ಅವಳು ನೆಟ್ಟಗೆ ಡಾಕ್ಟರಮ್ಮನ ಕೋಣೆಗೆ ನಡೆದಳು. ಅವರು ಔಷಧಿಯ ಪಟ್ಟಿ ನೋಡುತ್ತಿದ್ದರು; ಯುದ್ಧ ಶುರುವಾದ ಮೇಲೆ ಸೀಮೆಯಿಂದ ಪೆಟ್ಟಿಗೆಗಳು ಬರುವುದೇ ಅಪರೂಪವಾಗಿತ್ತು. ನೀಲಾಂಬಿಕೆ ನಿಂತುಕೊಂಡೇ ಹೇಳಿದಳು. ಶಿವಗಂಗಮ್ಮ ಕೇಳಿದ್ದು ವಿಭೂತಿ, ತಲೆಯಾಡಿಸಿದ್ದು ಯಾವುದಕ್ಕೋ ಗೊತ್ತಿಲ್ಲ, ಬರೆದದ್ದು ಸುಳ್ಳು. ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣನ್ನು ಒತ್ತಿಕೊಂಡರು.

"ಆ ಕಾಗದ ಹಡಗು ಹತ್ತಿ ಆಯಿತು, ನೀಲಮ್ಮ. ಈಗ ಹಿಂದಕ್ಕೆ ಕರೆಯಲಾಗದು," ಎಂದರು ತಮ್ಮ ಪುಸ್ತಕದ ಕನ್ನಡದಲ್ಲಿ. "ಸಾಯುವವರ ಮನಸ್ಸನ್ನು ದೇವರೊಬ್ಬನೇ ಬಲ್ಲ. ನೀವು ಬಹಳ ದಣಿದಿದ್ದೀರಿ. ಎರಡು ದಿನ ವಿಶ್ರಾಂತಿ ತೆಗೆದುಕೊಳ್ಳಿ."

"ದೊಡ್ಡತಾಯಮ್ಮ?"

"ಮುಂದಿನ ತಿಂಗಳು ಹಾಸನದಿಂದ ಪಾದ್ರಿಗಳು ಬರುತ್ತಾರೆ. ಅವರೊಂದಿಗೆ ಮಾತನಾಡುತ್ತೇನೆ. ಅವಳನ್ನು ವಾರ್ಡಿಗೆ ಕರೆಯುವುದಾದರೆ ನಾಳೆಯೇ ಕರೆಯಬಹುದು, ಅದು ನನ್ನ ಕೈಯಲ್ಲಿದೆ."

"ಹಂಗಾದ್ರೆ ನನ್ನನ್ನೂ ಕರ್ತನ ಭೋಜನಕ್ಕೆ ಸೇರಿಸ್ಕೋಬೇಡಿ."

ಡಾಕ್ಟರಮ್ಮ ಅವಳ ಕೈ ಹಿಡಿದು, ಮಗುವಿಗೆ ಹೇಳುವಂತೆ ಹೇಳಿದರು: "ನಿಮ್ಮ ತಪ್ಪು ಅಂಥ ತಪ್ಪಲ್ಲ, ನೀಲಮ್ಮ. ಅದಕ್ಕೆ ಯಾವ ನಿಯಮವೂ ಇಲ್ಲ."

ಹೊರಗೆ ಬಂದಾಗ ಬಿಸಿಲು ಕಣ್ಣಿಗೆ ಕುಕ್ಕಿತು. ಬೈಸಿಕೊಳ್ಳಲು ಹೋದವಳು ಎರಡು ದಿನದ ರಜೆ ತೆಗೆದುಕೊಂಡು ಬಂದಿದ್ದಳು. ಸಮುದ್ರದ ಆಚೆ ಯಾವುದೋ ಚಳಿ ಊರಿನಲ್ಲಿ, ಟೋಪಿ ಹಾಕಿದ ಹೆಂಗಸರು ಶಿವಗಂಗಮ್ಮನ ಆತ್ಮಕ್ಕಾಗಿ ಸ್ತೋತ್ರ ಹೇಳುತ್ತಾರೆ. ಅವರ ಕಣ್ಣಲ್ಲೂ ನೀರು ಬರುತ್ತದೆ. ಅದು ನಿಜವಾದ ನೀರೇ. ಬೂದಿಗೆ ಮೂರು ತಿಂಗಳ ಲೆಕ್ಕವಿತ್ತು. ಸಾಯುವವಳ ಬಾಯಲ್ಲಿ ಅವಳು ಆಡದ ಮಾತನ್ನು ಇಟ್ಟದ್ದಕ್ಕೆ ಲೆಕ್ಕವೇ ಇರಲಿಲ್ಲ. ಹನ್ನೊಂದು ವರ್ಷ ತಾನು ನಂಬಿಕೆ ಎಂದು ಕಾಪಾಡಿಕೊಂಡು ಬಂದದ್ದು ಹೆಚ್ಚುಕಡಿಮೆ ಒಂದು ಬೀಗದ ಕೈಯೇ ಏನೋ.

ಎಲ್ಲಿಗೆಂದು ತಿಳಿಯದೆ ಕಾಲು ಹಿತ್ತಿಲಿಗೇ ಬಂದಿತು. ದೊಡ್ಡತಾಯಮ್ಮ ಸೀರೆಯನ್ನು ನೀರು ಸಿಡಿಯದ ಕಡೆ ಎತ್ತಿಟ್ಟು ಮಂಚದ ದುಪ್ಪಟಿಗಳನ್ನು ಜಾಲಿಸುತ್ತಿದ್ದಳು. ನೀಲಾಂಬಿಕೆ ಅವಳ ಎದುರಿಗೆ ಹೋಗಿ ನಿಂತಳು. ಕ್ಷಮಿಸು ಎನ್ನುವ ಮಾತು ಬಾಯಿಗೆ ಬಂತು. ಅದನ್ನು ಪ್ರಾರ್ಥನೆಯಲ್ಲಿ ಎಷ್ಟು ಸಲ ಹೇಳಿದ್ದಳೆಂದರೆ ಈಗ ಅದರಲ್ಲಿ ಏನೂ ಉಳಿದಂತೆ ಅನ್ನಿಸಲಿಲ್ಲ. ಬದಲಿಗೆ ಬೇರೆಯದೇ ಬಂತು.

"ಆವತ್ತು ಬೂದಿ ತರೋವಾಗ ನಿಂಗೆ ಯೇಸುಸ್ವಾಮಿ ನೆನಪಾಗ್ಲಿಲ್ವಾ?"

ದೊಡ್ಡತಾಯಮ್ಮ ಯೋಚಿಸಿದಳು. ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಬೇಕೆಂಬಂತೆ ಯೋಚಿಸಿದಳು. "ನೆಪ್ಪಾಯ್ತಲ್ಲ ಅಮ್ಮಾರೆ. ಅದ್ಕೇಯಾ ಓಗಿ ತಂದಿದ್ದು."

ಹತ್ತಿರದ ಹುಣಿಸೆ ಮರದಲ್ಲಿ ಕಾಗೆ ಕೂಗುತ್ತಿತ್ತು. ನೀಲಾಂಬಿಕೆ ನೀರಿನ ತೊಟ್ಟಿಯನ್ನು ನೋಡುತ್ತ ಹೇಳಿದಳು: "ನಾನು ಅದನ್ನ ಒರೆಸೋಕೆ ಹೋಗಿದ್ದೆ. ಬಟ್ಟೆ ಅದ್ದಿದ್ದೆ. ಆಕೆಗಿನ್ನೂ ಜೀವ ಇತ್ತು. ಇದನ್ನ ಯಾರ್ಗೂ ಹೇಳಿಲ್ಲ."

"ನೋಡ್ದೆ. ನಾನೂ ಅಲ್ಲೇ ಇದ್ನಲ್ಲ."

"ಡಾಕ್ಟರಮ್ಮ ವಿಚಾರಣೆ ಮಾಡ್ದಾಗ ಯಾಕೆ ಹೇಳ್ಲಿಲ್ಲ?"

"ನನ್ನ ಕೇಳಿದ್ದು ಬೂದಿ ವಿಸ್ಯ," ಎಂದಳು ದೊಡ್ಡತಾಯಮ್ಮ. ತೊಟ್ಟಿಯಿಂದ ದುಪ್ಪಟಿಯೊಂದನ್ನು ಎತ್ತಿದಳು. ನೀರು ಕುಡಿದು ಭಾರವಾಗಿ ಅದು ಅವಳ ಕೈಯಿಂದ ಜಾರಿತು. ಮತ್ತೆ ಎತ್ತಿ ಒಂದು ತುದಿಯನ್ನು ನೀಲಾಂಬಿಕೆಯ ಕಡೆ ನೀಡಿದಳು. "ಇಡ್ಕಳಿ ಇತ್ಲಾಗೆ. ಒಬ್ಳಿಗೇ ಇಂಡಾಕಾಗಾಕಿಲ್ಲ."

ನಡುವೆ ಎಲ್ಲೋ ರಕ್ತದ ಕಲೆ ಪೂರ್ತಿ ಹೋಗಿರಲಿಲ್ಲ. ನೀಲಾಂಬಿಕೆ ತುದಿ ಹಿಡಿದಳು. ನೀರು ಮೊಣಕೈಯಿಂದ ರವಿಕೆಯೊಳಗೆ ಇಳಿಯಿತು. ಬಲವೆಲ್ಲ ಹಾಕಿ ಹಿಂಡಿದರೂ ಬಟ್ಟೆ ಸುಮ್ಮನೆ ಗಿರಗಿರ ತಿರುಗಿತೇ ಹೊರತು ಒಂದು ಹನಿ ಬೀಳಲಿಲ್ಲ.

"ಅಂಗಲ್ಲ ಅಮ್ಮಾರೆ," ಎಂದಳು ದೊಡ್ಡತಾಯಮ್ಮ, "ನಾನು ತಿರುಗ್ಸಿದ್ ಕಡೀಕೇ ನೀವೂ ತಿರುಗುಸ್ತಾ ಇದ್ದೀರ. ನೀವು ಇಂಗೆ ತಿರುಗ್ಸಿ."

ನೀಲಾಂಬಿಕೆ ಕೈ ಬದಲಿಸಿದಳು. ನೀರು ಸುರಿಯತೊಡಗಿತು.